ಪೇಪರ್ ಬರೆಯುವುದನ್ನು ಕಲಿಯಿರಿ, ವಿಶ್ವವಿದ್ಯಾಲಯದ ನೆರವನ್ನು ಹಕ್ಕಿನಿಂದ ಕೇಳಿ: ಸಂಶೋಧಕರಿಗೆ 12 ಸೂತ್ರಗಳು

ಪ್ರಯೋಗ ಮುಗಿದಿದೆ. ಡೇಟಾ ಕೈಯಲ್ಲಿದೆ. ಗೈಡ್ ಕೇಳುತ್ತಿದ್ದಾರೆ: "ಪೇಪರ್ ಎಲ್ಲಿಗೆ ಬಂತು?" ಲ್ಯಾಬಿನಲ್ಲಿ, ಹೊಲದಲ್ಲಿ, ಸರ್ವೆಯಲ್ಲಿ ಚುರುಕಾಗಿದ್ದ ಎಷ್ಟೋ ಸಂಶೋಧಕರು ಈ ಪ್ರಶ್ನೆಯ ಮುಂದೆ ತಿಂಗಳುಗಟ್ಟಲೆ ನಿಂತುಬಿಡುತ್ತಾರೆ. ಉಪಕರಣ ಬಳಸುವುದನ್ನು ಸೀನಿಯರ್ ಪಕ್ಕದಲ್ಲಿ ನಿಂತು ಹೇಳಿಕೊಟ್ಟಿದ್ದರು. ಪೇಪರ್ ಬರೆಯುವುದನ್ನು ಯಾರೂ ಹೇಳಿಕೊಡಲಿಲ್ಲ. ತೊಡಕು ಇರುವುದು ಇಲ್ಲಿಯೇ. ವೈಜ್ಞಾನಿಕ ಬರವಣಿಗೆ ಹುಟ್ಟಿನಿಂದ ಬರುವುದಿಲ್ಲ, ತರಬೇತಿಯಿಂದ ಬರುತ್ತದೆ. ತರಬೇತಿ ಕೊಡುವುದು ವಿಶ್ವವಿದ್ಯಾಲಯದ ಹೊಣೆ. ಅದನ್ನು ಬೆನ್ನುಹತ್ತಿ ಪಡೆಯುವುದು ನಿಮ್ಮ ಹೊಣೆ. ಮೈಸೂರು, ಧಾರವಾಡ, ಕಲಬುರಗಿ, ಶಂಕರಘಟ್ಟ, ನೀವು ಎಲ್ಲೇ ಇರಿ, ಇವತ್ತೇ ಶುರು ಮಾಡಿ.

1. ನಿಯಮಗಳನ್ನು ನೀವೇ ಓದಿ

ಸೀನಿಯರ್ ಹೇಳಿದ್ದನ್ನು ನಂಬಿ ಕೂರಬೇಡಿ. ಯುಜಿಸಿಯ 2022ರ ಪಿಎಚ್‌ಡಿ ನಿಯಮಾವಳಿಯನ್ನು ಡೌನ್‌ಲೋಡ್ ಮಾಡಿ. ನಿಮ್ಮ ವಿಶ್ವವಿದ್ಯಾಲಯದ ಪಿಎಚ್‌ಡಿ ನಿಯಮಗಳನ್ನು ಪಕ್ಕದಲ್ಲಿಟ್ಟುಕೊಂಡು ಎರಡನ್ನೂ ಓದಿ. ಥೀಸಿಸ್ ಸಲ್ಲಿಸುವ ಮೊದಲು ಪೇಪರ್ ಪ್ರಕಟವಾಗಲೇಬೇಕು ಎಂಬ ಷರತ್ತನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿತು. ಆದರೆ ವಿಶ್ವವಿದ್ಯಾಲಯಗಳು ತಮ್ಮದೇ ಷರತ್ತು ಇಟ್ಟುಕೊಳ್ಳಬಹುದು, ಅದನ್ನು ಖಚಿತ ಮಾಡಿಕೊಳ್ಳಿ. ಷರತ್ತು ಹೋಯಿತೆಂದು ಪೆನ್ನು ಕೆಳಗಿಡಬೇಡಿ. ಪೋಸ್ಟ್‌ಡಾಕ್ ಅರ್ಜಿಯಲ್ಲೂ ಅಸಿಸ್ಟೆಂಟ್ ಪ್ರೊಫೆಸರ್ ಸಂದರ್ಶನದಲ್ಲೂ ಪ್ರಕಟಣೆಗಳ ಪಟ್ಟಿ ಕೇಳುತ್ತಾರೆ.

ಅದೇ ನಿಯಮಾವಳಿಯಲ್ಲಿ ಇನ್ನೊಂದು ಮಾತಿದೆ, ಅದಕ್ಕೆ ಗೆರೆ ಹಾಕಿಟ್ಟುಕೊಳ್ಳಿ. ಯಾವ ವಿಷಯದವರೇ ಆಗಲಿ, ಪಿಎಚ್‌ಡಿ ವಿದ್ಯಾರ್ಥಿಗಳು ತಮ್ಮ ವಿಷಯಕ್ಕೆ ಸಂಬಂಧಿಸಿದ ಬೋಧನೆ, ಶಿಕ್ಷಣಕ್ರಮ ಮತ್ತು ಬರವಣಿಗೆಯ ತರಬೇತಿ ಪಡೆಯಬೇಕು ಎಂದು ಅದು ಹೇಳುತ್ತದೆ. ಬರವಣಿಗೆಯ ತರಬೇತಿ ಕೇಳುವಾಗ ನೀವು ಯಾರ ಕೃಪೆಯನ್ನೂ ಬೇಡುತ್ತಿಲ್ಲ.

2. ಕೋರ್ಸ್‌ವರ್ಕ್ ಅನ್ನು ಹಾಜರಾತಿಗೆ ಮುಗಿಸಬೇಡಿ

ಪಿಎಚ್‌ಡಿ ಕೋರ್ಸ್‌ವರ್ಕ್‌ಗೆ ಕನಿಷ್ಠ 12 ಕ್ರೆಡಿಟ್ ಬೇಕು. ಅದರೊಳಗೆ ರಿಸರ್ಚ್ ಅಂಡ್ ಪಬ್ಲಿಕೇಶನ್ ಎಥಿಕ್ಸ್ ಎಂಬ 2 ಕ್ರೆಡಿಟ್‌ಗಳ, 30 ಗಂಟೆಗಳ ಕೋರ್ಸ್ ಇದೆ. ಪ್ರಕಟಣೆಯ ನೀತಿ, ಓಪನ್ ಆಕ್ಸೆಸ್, ಡೇಟಾಬೇಸ್, ಸೈಟೇಶನ್ ಲೆಕ್ಕಾಚಾರ, ಇವೆಲ್ಲ ಅದರ ಪಠ್ಯದಲ್ಲೇ ಇವೆ. ಪ್ರತಿ ತರಗತಿಗೂ ನಿಮ್ಮದೇ ಒಂದು ಪುಟ ಬರಹ ಒಯ್ಯಿರಿ. ಅಧ್ಯಾಪಕರು ಉದಾಹರಣೆ ಕೇಳಿದಾಗ ನಿಮ್ಮ ಪುಟವನ್ನೇ ಮುಂದಿಡಿ. ಎಲ್ಲರೆದುರು ತಿದ್ದಿಸಿಕೊಂಡ ಪ್ಯಾರಾ ಮತ್ತೆ ತಪ್ಪುವುದಿಲ್ಲ.

3. ಮೊದಲ ವರ್ಷದಲ್ಲೇ ಬರೆಯಿರಿ, ಸರಿಯಾದ ಕ್ರಮದಲ್ಲಿ ಬರೆಯಿರಿ

"ಎಲ್ಲ ಡೇಟಾ ಬರಲಿ, ಆಮೇಲೆ ಬರೆಯೋಣ." ಈ ಮಾತನ್ನು ನಿಮ್ಮ ಬಾಯಿಂದ ತೆಗೆದುಹಾಕಿ. ಬರೆಯುವಾಗಲೇ ಪ್ರಯೋಗದ ಲೋಪ ಕಾಣುತ್ತದೆ. ಕಂಟ್ರೋಲ್ ಬಿಟ್ಟುಹೋಗಿದ್ದು, ಸ್ಯಾಂಪಲ್ ಸಾಲದೆ ಇದ್ದದ್ದು ಎರಡನೇ ವರ್ಷದಲ್ಲಿ ಕಂಡರೆ ಸರಿಮಾಡಬಹುದು, ಐದನೇ ವರ್ಷದಲ್ಲಿ ಕಂಡರೆ ಕಣ್ಣೀರು.

ಪೇಪರನ್ನು ಓದುವ ಕ್ರಮ ಬೇರೆ, ಬರೆಯುವ ಕ್ರಮ ಬೇರೆ. ಪೀಠಿಕೆಯಿಂದ ಶುರು ಮಾಡಿದವರು ಪೀಠಿಕೆಯಲ್ಲೇ ಸಿಕ್ಕಿಕೊಳ್ಳುತ್ತಾರೆ. ನೀವು ಹೀಗೆ ಮಾಡಿ. ಮೊದಲು ಚಿತ್ರ ಮತ್ತು ಟೇಬಲ್ ಸಿದ್ಧಮಾಡಿ. ಅವನ್ನು ಮೇಜಿನ ಮೇಲೆ ಸಾಲಾಗಿ ಹರಡಿ. ಅವುಗಳನ್ನಷ್ಟೇ ನೋಡಿ ಇನ್ನೊಬ್ಬರಿಗೆ ಕಥೆ ಅರ್ಥವಾಗಬೇಕು. ನಂತರ ಮೆಥಡ್ಸ್ ಬರೆಯಿರಿ. ಅದನ್ನು ಪ್ರಯೋಗ ಮಾಡಿದ ದಿನವೇ ನೋಟ್‌ಬುಕ್‌ನಿಂದ ಇಳಿಸಿಕೊಂಡರೆ ಎಲ್ಲಕ್ಕಿಂತ ಒಳ್ಳೆಯದು. ಆಮೇಲೆ ರಿಸಲ್ಟ್ಸ್, ಆಮೇಲೆ ಡಿಸ್ಕಶನ್. ಇಷ್ಟು ಮುಗಿದ ಮೇಲೆ ಇಂಟ್ರೊಡಕ್ಷನ್, ಕೊನೆಗೆ ಅಬ್‌ಸ್ಟ್ರಾಕ್ಟ್ ಮತ್ತು ಶೀರ್ಷಿಕೆ.

ಪ್ರತಿ ಭಾಗವೂ ಒಂದೊಂದು ಪ್ರಶ್ನೆಗೆ ಉತ್ತರ ಕೊಡಬೇಕು. ಇಂಟ್ರೊಡಕ್ಷನ್: ಯಾವ ಪ್ರಶ್ನೆ, ಏಕೆ ಈಗ? ಮೆಥಡ್ಸ್: ಏನು ಮಾಡಿದಿರಿ, ಇನ್ನೊಬ್ಬರು ಹಾಗೆಯೇ ಮಾಡಬಹುದೇ? ರಿಸಲ್ಟ್ಸ್: ಏನು ಸಿಕ್ಕಿತು? ಡಿಸ್ಕಶನ್: ಅದರ ಅರ್ಥವೇನು, ಅದರ ಮಿತಿ ಎಲ್ಲಿ? ಒಂದು ಭಾಗದ ಉತ್ತರ ಇನ್ನೊಂದರೊಳಗೆ ನುಸುಳಿದರೆ ಎಳೆದು ಹೊರಹಾಕಿ. ಇಂಟ್ರೊಡಕ್ಷನ್‌ಗೆ ಭಾಷಾವಿಜ್ಞಾನಿ ಜಾನ್ ಸ್ವೇಲ್ಸ್ 1990ರಲ್ಲಿ ವಿವರಿಸಿದ ಮೂರು ಹೆಜ್ಜೆಗಳನ್ನು ಹಿಡಿಯಿರಿ: ಈ ಕ್ಷೇತ್ರ ಏಕೆ ಮುಖ್ಯ, ಇದರಲ್ಲಿ ಯಾವ ಜಾಗ ಖಾಲಿ ಇದೆ, ಆ ಜಾಗವನ್ನು ನಾವು ಹೇಗೆ ತುಂಬಿದೆವು. ಮೂರು ಹೆಜ್ಜೆಗೆ ಮೂರು ಪ್ಯಾರಾ ಸಾಕು.

ಉದ್ದ ಹೆಚ್ಚಿದರೆ ಗೌರವ ಹೆಚ್ಚುತ್ತದೆ ಎಂಬ ಭ್ರಮೆ ಬಿಡಿ. ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ತಮ್ಮ ಶೋಧವನ್ನು 1928ರ ಮಾರ್ಚ್ 31ರ ನೇಚರ್ ಸಂಚಿಕೆಯಲ್ಲಿ ತಿಳಿಸಿದ್ದು ಕೆಲವೇ ಪ್ಯಾರಾಗಳ ಪತ್ರದಲ್ಲಿ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ರಚನೆಯನ್ನು ಹೇಳಿದ್ದು ಒಂದು ಪುಟದ ಆಸುಪಾಸಿನಲ್ಲಿ. ಎರಡನ್ನೂ ಹುಡುಕಿ ಓದಿ. ವಾಕ್ಯಗಳು ಎಷ್ಟು ನೇರವಾಗಿವೆ ಎಂಬುದನ್ನು ಗಮನಿಸಿ.

4. ವಾದವನ್ನು ಕನ್ನಡದಲ್ಲಿ ಕಟ್ಟಿ, ಪೇಪರನ್ನು ಇಂಗ್ಲಿಷಿನಲ್ಲಿ ಬರೆಯಿರಿ

ಕನ್ನಡ ಮೀಡಿಯಂನಲ್ಲಿ ಓದಿ ಬಂದವರೇ, ಈ ಸೂತ್ರ ವಿಶೇಷವಾಗಿ ನಿಮಗೆ. "ನನಗೆ ಇಂಗ್ಲಿಷ್ ಬರುವುದಿಲ್ಲ, ಪೇಪರ್ ಹೇಗೆ ಬರೆಯಲಿ?" ಎಂಬ ಅನುಮಾನ ಒಂದು ಅಭ್ಯಾಸ. ಅಭ್ಯಾಸವನ್ನು ಬದಲಿಸಬಹುದು. ಹೆಚ್ಚಿನ ಕರಡುಗಳು ಬೀಳುವುದು ವ್ಯಾಕರಣದಿಂದಲ್ಲ, ಸಡಿಲವಾದ ವಾದದಿಂದ. ವಾದವನ್ನು ನೀವು ಯಾವ ಭಾಷೆಯಲ್ಲಾದರೂ ಬಿಗಿ ಮಾಡಬಹುದು. ನಿಮ್ಮ ತಲೆ ಕನ್ನಡದಲ್ಲಿ ಓಡುತ್ತಿದ್ದರೆ ಕನ್ನಡದಲ್ಲೇ ಬಿಗಿ ಮಾಡಿ.

ನಿಮ್ಮ ಸಂಶೋಧನೆ ತೊಗರಿ ಬೆಳೆಗೆ ಹನಿ ನೀರಾವರಿ ಕುರಿತದ್ದು ಎಂದುಕೊಳ್ಳಿ. ಹಾಸ್ಟೆಲ್‌ನ ಗೆಳೆಯನನ್ನು, ಸಾಧ್ಯವಾದರೆ ಬೇರೆ ವಿಭಾಗದವನನ್ನು, ಕೂರಿಸಿಕೊಳ್ಳಿ. ಮೂರು ನಿಮಿಷದಲ್ಲಿ ಕನ್ನಡದಲ್ಲಿ ಹೇಳಿ: "ಮಳೆ ಕೈಕೊಟ್ಟಾಗ ತೊಗರಿಗೆ ಯಾವ ಹಂತದಲ್ಲಿ ನೀರು ಕೊಟ್ಟರೆ ಇಳುವರಿ ಉಳಿಯುತ್ತದೆ ಅಂತ ನೋಡಿದೆ. ಹೂಬಿಡುವ ಹೊತ್ತಿಗೆ ಕೊಟ್ಟದ್ದು ಹೆಚ್ಚು ಫಲ ಕೊಟ್ಟಿತು. ಆದರೆ ಇದು ಕಪ್ಪು ಮಣ್ಣಿನ ಮಾತು, ಕೆಂಪು ಮಣ್ಣಿಗೆ ಗೊತ್ತಿಲ್ಲ." ಇಷ್ಟರಲ್ಲಿ ನಿಮ್ಮ ಪ್ರಶ್ನೆ, ಫಲಿತಾಂಶ, ಮಿತಿ ಮೂರೂ ಬಂದವು. ಫೋನಿನಲ್ಲಿ ರೆಕಾರ್ಡ್ ಮಾಡಿ. ಎಲ್ಲಿ ತಡವರಿಸಿದಿರೋ ಅಲ್ಲಿ ಭಾಷೆಯ ಕೊರತೆ ಇಲ್ಲ, ತಿಳಿವಳಿಕೆಯ ಕೊರತೆ ಇದೆ. ಅದನ್ನು ಮೊದಲು ತುಂಬಿ.

ನಂತರ ಇಂಗ್ಲಿಷಿಗೆ ಬನ್ನಿ. ಒಂದು ವಾಕ್ಯದಲ್ಲಿ ಒಂದೇ ವಿಷಯ ಇಡಿ. ಮಾಡಿದ ಕೆಲಸಕ್ಕೆ ಪಾಸ್ಟ್ ಟೆನ್ಸ್, ಎಲ್ಲರೂ ಒಪ್ಪಿದ ಸಂಗತಿಗೆ ಪ್ರೆಸೆಂಟ್ ಟೆನ್ಸ್. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಜಾನ್ ಮಾರ್ಲಿ ಸಿದ್ಧಪಡಿಸಿದ ಅಕಾಡೆಮಿಕ್ ಫ್ರೇಸ್‌ಬ್ಯಾಂಕ್ ಅನ್ನು ಬುಕ್‌ಮಾರ್ಕ್ ಮಾಡಿ. ಹಿಂದಿನ ಅಧ್ಯಯನವನ್ನು ಹೇಗೆ ಉಲ್ಲೇಖಿಸುವುದು, ಮಿತಿಯನ್ನು ಹೇಗೆ ಒಪ್ಪಿಕೊಳ್ಳುವುದು, ಇಂಥ ಎಲ್ಲ ಸಂದರ್ಭಗಳ ವಾಕ್ಯದ ಅಚ್ಚುಗಳು ಅಲ್ಲಿ ಸಿಗುತ್ತವೆ. ಅವು ಎಲ್ಲರೂ ಬಳಸಲೆಂದೇ ಇರುವಂಥವು. ನಿಮ್ಮ ವಿಷಯವನ್ನು ಅವುಗಳಲ್ಲಿ ಕೂರಿಸಿ.

ಎಐ ಟೂಲ್ ಬಳಸುತ್ತೀರಾ? ವ್ಯಾಕರಣ ತಿದ್ದಲು ಬಳಸಿ. ವಾದ ಹುಟ್ಟಿಸಲು, ರೆಫರೆನ್ಸ್ ಹುಡುಕಿಕೊಡಲು ಬಿಡಬೇಡಿ, ಇಲ್ಲದ ಪೇಪರುಗಳನ್ನು ಅದು ಇದ್ದಂತೆ ಹೇಳಿಬಿಡುತ್ತದೆ. ಎಐ ಲೇಖಕನಾಗಲಾರದು ಎಂದು ಪ್ರಮುಖ ಪ್ರಕಾಶಕರು 2023ರಿಂದಲೇ ಹೇಳುತ್ತಿದ್ದಾರೆ. ಬಳಸಿದ್ದರೆ ಜರ್ನಲ್‌ನ ನಿಯಮ ನೋಡಿ ಘೋಷಿಸಿ.

5. ಲೈಬ್ರರಿಯನ್ನರ ಪರಿಚಯ ಮಾಡಿಕೊಳ್ಳಿ

ವಿಶ್ವವಿದ್ಯಾಲಯ ಈಗಾಗಲೇ ಕೊಡುತ್ತಿರುವ, ಸಂಶೋಧಕರು ಅತಿ ಕಡಿಮೆ ಬಳಸುವ ನೆರವು ಇದು. ವನ್ ನೇಷನ್ ವನ್ ಸಬ್‌ಸ್ಕ್ರಿಪ್ಷನ್ ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿಗೆ ಕೊಟ್ಟಿತು. 2025ರ ಜನವರಿಯಿಂದ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ದೇಶದ 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ತೆರೆದುಕೊಂಡವು. ರಾಜ್ಯ ಸರ್ಕಾರದ ವಿಶ್ವವಿದ್ಯಾಲಯಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಲೈಬ್ರರಿಯನ್ನರ ಬಳಿ ಹೋಗಿ ಮೂರು ಪ್ರಶ್ನೆ ಕೇಳಿ. ಲಾಗಿನ್ ಹೇಗೆ? ಮನೆಯಿಂದ ತೆರೆಯಬಹುದೇ? ನನ್ನ ವಿಷಯದ ಯಾವ ಜರ್ನಲ್‌ಗಳಿವೆ? ಖಾಸಗಿ ಕಾಲೇಜಿನ ರಿಸರ್ಚ್ ಸೆಂಟರ್‌ನಲ್ಲಿದ್ದರೆ ಪೇಪರಿನ ಲೇಖಕರಿಗೇ ವಿನಯದಿಂದ ಇಮೇಲ್ ಬರೆದು ಪ್ರತಿ ಕೇಳಿ. ಬಹಳ ಜನ ಸಂತೋಷದಿಂದ ಕಳಿಸುತ್ತಾರೆ.

ಝೊಟೆರೊ ಇನ್‌ಸ್ಟಾಲ್ ಮಾಡಿ, ಅದು ಉಚಿತ. ರೆಫರೆನ್ಸ್‌ಗಳನ್ನು ಕೈಯಲ್ಲಿ ಟೈಪ್ ಮಾಡುವ ಕಾಲ ಮುಗಿದಿದೆ. ಥೀಸಿಸ್‌ನ ಸ್ವರೂಪ ನೋಡಬೇಕೆಂದರೆ ಶೋಧಗಂಗಾ ತೆರೆಯಿರಿ, ನಿಮ್ಮದೇ ವಿಭಾಗದ ಹಳೆಯ ಥೀಸಿಸ್‌ಗಳು ಅಲ್ಲಿ ಸಿಗಬಹುದು.

6. ಗೈಡ್ ಸಮಯವನ್ನು ಚಿಕ್ಕ ಚಿಕ್ಕ ತುಂಡುಗಳಲ್ಲಿ ಕೇಳಿ

ನಲವತ್ತು ಪುಟ ಕಳಿಸಿ "ಸರ್, ನೋಡಿ ಹೇಳಿ" ಎಂದರೆ ಉತ್ತರ ಬರುವುದಿಲ್ಲ. ಎರಡು ಪುಟ ಕಳಿಸಿ, ಒಂದು ಪ್ರಶ್ನೆ ಕೇಳಿ. "ಮೇಡಂ, ರಿಸಲ್ಟ್ಸ್‌ನ ಎರಡು ಪುಟ ಕಳಿಸಿದ್ದೇನೆ. ಎರಡನೇ ಚಿತ್ರ ನಮ್ಮ ವಾದಕ್ಕೆ ಸಾಕಾಗುತ್ತದೆಯೇ ಅಂತ ಅನುಮಾನವಿದೆ. ಶುಕ್ರವಾರ ಹದಿನೈದು ನಿಮಿಷ ಸಮಯ ಕೊಡ್ತೀರಾ?" ಇಂಥ ಕೋರಿಕೆಗೆ ಇಲ್ಲ ಎನ್ನುವುದು ಕಷ್ಟ.

ಪ್ರತಿ ಸೆಮಿಸ್ಟರ್ ನೀವು ರಿಸರ್ಚ್ ಅಡ್ವೈಸರಿ ಕಮಿಟಿಯ ಮುಂದೆ ಪ್ರಗತಿ ತೋರಿಸಲೇಬೇಕು. ಅಲ್ಲಿಗೆ ಬರೀ ಪಿಪಿಟಿ ಒಯ್ಯಬೇಡಿ. ಪೇಪರಿನ ಕರಡನ್ನೂ ಒಯ್ಯಿರಿ. ಅನುಭವಿಗಳು ಒಂದೇ ಕೋಣೆಯಲ್ಲಿ ನಿಮಗಾಗಿ ಕೂತಿರುವ ಅವಕಾಶ ಪದೇ ಪದೇ ಸಿಗುವುದಿಲ್ಲ.

7. ಡೇಟಾ ಸಂಗ್ರಹಿಸುವ ಮೊದಲೇ ಸ್ಟ್ಯಾಟಿಸ್ಟಿಕ್ಸ್ ವಿಭಾಗಕ್ಕೆ ಹೋಗಿ

ಎಲ್ಲ ಮುಗಿದ ಮೇಲೆ ಯಾವ ಟೆಸ್ಟ್ ಹಾಕಲಿ ಎಂದು ಕೇಳಿದರೆ ಅವರು ಮಾಡುವುದು ಏನೂ ಉಳಿದಿರುವುದಿಲ್ಲ. ಸ್ಯಾಂಪಲ್ ಎಷ್ಟು ಬೇಕು ಎಂಬ ಪ್ರಶ್ನೆಯೊಂದಿಗೆ ಮೊದಲೇ ಬಾಗಿಲು ತಟ್ಟಿ. ಸಿಸ್ಟಮ್ಯಾಟಿಕ್ ರಿವ್ಯೂ ಮಾಡುವವರು ಪ್ರಿಸ್ಮಾದ 27 ಅಂಶಗಳ ಚೆಕ್‌ಲಿಸ್ಟ್ ಅನ್ನು ಮೊದಲ ದಿನವೇ ಗೋಡೆಗೆ ಅಂಟಿಸಿ.

8. ಬರವಣಿಗೆ ಗುಂಪು ಕಟ್ಟಿ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ರೈಟಿಂಗ್ ಸೆಂಟರ್ ಇರುವುದು ಸಾಮಾನ್ಯ. ಭಾರತದಲ್ಲಿ ಸೋನಿಪತ್‌ನ ಅಶೋಕ ವಿಶ್ವವಿದ್ಯಾಲಯ ಬರವಣಿಗೆ ಮತ್ತು ಸಂವಹನಕ್ಕೆಂದೇ ಒಂದು ಕೇಂದ್ರ ನಡೆಸುತ್ತಿದೆ. ಇಂಥ ಕೇಂದ್ರಗಳ ಟ್ಯೂಟರ್ ನಿಮ್ಮ ವಾಕ್ಯ ತಿದ್ದಿಕೊಡುವುದಿಲ್ಲ. ಎದುರು ಕೂತು ಪ್ರಶ್ನೆ ಕೇಳುತ್ತಾರೆ: ಇಲ್ಲಿ ಏನು ಹೇಳಬೇಕೆಂದಿದ್ದಿರಿ? ಇದಕ್ಕೆ ಆಧಾರ ಎಲ್ಲಿ? ಉತ್ತರಿಸುತ್ತಾ ಹೋದ ಹಾಗೆ ಬರೆದವರೇ ತಿದ್ದಿಕೊಳ್ಳುತ್ತಾರೆ. ಈ ವಿಧಾನಕ್ಕೆ ಕಟ್ಟಡ ಬೇಡ, ಬಜೆಟ್ ಬೇಡ. ನಾಲ್ಕೈದು ಜನ ಸಂಶೋಧಕರು, ವಾರಕ್ಕೊಂದು ಸಂಜೆ, ಒಂದು ಖಾಲಿ ಕ್ಲಾಸ್‌ರೂಮ್ ಸಾಕು.

ನಿಯಮ ಬಿಗಿಯಾಗಿರಲಿ. ವಾರಕ್ಕೆ ಒಬ್ಬರ ಬರಹ, ಹೆಚ್ಚೆಂದರೆ ಮೂರು ಪುಟ. ಓದಿದವರು ಮೂರೇ ಮಾತು ಹೇಳಬೇಕು: ನನಗೆ ಅರ್ಥವಾಗಿದ್ದು ಇದು, ನಾನು ತಡೆದು ನಿಂತದ್ದು ಇಲ್ಲಿ, ನನಗೆ ನಂಬಿಕೆ ಬರದೆ ಇದ್ದದ್ದು ಇದು. ಬರೆದವರು ಸಮರ್ಥಿಸಿಕೊಳ್ಳಬಾರದು, ಬರೆದುಕೊಳ್ಳಬೇಕು. "ಚೆನ್ನಾಗಿದೆ" ಎಂಬ ಮಾತಿಗೆ ಗುಂಪಿನಲ್ಲಿ ಜಾಗ ಕೊಡಬೇಡಿ. ಆ ಮಾತಿನಿಂದ ಒಂದು ಸಾಲೂ ಸುಧಾರಿಸುವುದಿಲ್ಲ.

ಊರಿನಲ್ಲಿ ಜೊತೆಗಾರರೇ ಇಲ್ಲವೇ? ಆಥರ್‌ಏಯ್ಡ್ ಎಂಬ ಅಂತರರಾಷ್ಟ್ರೀಯ ಜಾಲ ನಮ್ಮಂಥ ದೇಶಗಳ ಸಂಶೋಧಕರಿಗೆ ಉಚಿತವಾಗಿ ಮೆಂಟರ್ ನೆರವು ಮತ್ತು ಬರವಣಿಗೆ ಕೋರ್ಸ್ ಒದಗಿಸುತ್ತದೆ. ಸ್ವಯಂ ಪೋರ್ಟಲ್‌ನಲ್ಲೂ ಅಕಾಡೆಮಿಕ್ ರೈಟಿಂಗ್ ಕೋರ್ಸ್ ಬಂದಿದೆ. ಹೆಸರು ನೋಂದಾಯಿಸಿ, ಅರ್ಧಕ್ಕೆ ಬಿಡದೆ ಮುಗಿಸಿ.

9. ನಕಲಿನ ಗೆರೆ ಎಲ್ಲಿದೆ ಎಂದು ಸ್ಪಷ್ಟವಾಗಿ ತಿಳಿಯಿರಿ

ಯುಜಿಸಿಯ 2018ರ ನಿಯಮಾವಳಿ ಇದನ್ನು ಅಂಕಿಯಲ್ಲೇ ಹೇಳುತ್ತದೆ. ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆ ಇಲ್ಲ. ಥೀಸಿಸ್‌ನಲ್ಲಿ ಶೇ 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. ಶೇ 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಶೇ 60 ದಾಟಿದರೆ ನೋಂದಣಿಯೇ ರದ್ದು. ತಪಾಸಣೆಯ ಸಾಫ್ಟ್‌ವೇರ್ ಶೋಧಶುದ್ಧಿ ಯೋಜನೆಯ ಮೂಲಕ ವಿಶ್ವವಿದ್ಯಾಲಯಗಳಿಗೆ ಸಿಗುತ್ತದೆ. ಕೊನೆಯ ವಾರ ಅಲ್ಲ, ಪ್ರತಿ ಅಧ್ಯಾಯ ಮುಗಿದಾಗಲೂ ಲೈಬ್ರರಿಯಲ್ಲಿ ಹಾಕಿಸಿ ನೋಡಿ.

ಆದರೆ ಶೇಕಡಾವಾರು ಇಳಿಸಲು ಪದ ಅದಲುಬದಲು ಮಾಡುವ ಚಾಳಿಗೆ ಇಳಿಯಬೇಡಿ. ಮೂಲ ಪೇಪರ್ ಓದಿ, ಮುಚ್ಚಿಡಿ, ತಿಳಿದದ್ದನ್ನು ನಿಮ್ಮ ಮಾತಿನಲ್ಲಿ ಬರೆಯಿರಿ, ತೆರೆದು ಸರಿನೋಡಿ, ಸೈಟ್ ಮಾಡಿ. ಹೀಗೆ ಬರೆದವರಿಗೆ ಯಾವ ಸಾಫ್ಟ್‌ವೇರಿನ ಭಯವೂ ಇಲ್ಲ.

10. ಜರ್ನಲ್ ಅನ್ನು ನೀವೇ ಪರೀಕ್ಷಿಸಿ ಆರಿಸಿ

ಯುಜಿಸಿ-ಕೇರ್ ಎಂಬ ಅಂಗೀಕೃತ ಜರ್ನಲ್‌ಗಳ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು ಎಂಬ ಕಾಲ ಹೋಯಿತು. 2025ರ ಫೆಬ್ರವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನೇ ನಿಲ್ಲಿಸಿತು. ಈಗ ಅಳೆಯುವ ಹೊಣೆ ಸಂಸ್ಥೆಗಳ ಮೇಲೆ, ನಿಮ್ಮ ಮೇಲೆ ಬಿದ್ದಿದೆ. ಮೂರು ದಿನದಲ್ಲಿ ಪ್ರಕಟಣೆ, ಜೊತೆಗೆ ಸರ್ಟಿಫಿಕೇಟ್ ಎಂದು ವಾಟ್ಸಾಪ್‌ನಲ್ಲಿ ಬರುವ ಆಹ್ವಾನವನ್ನು ಡಿಲೀಟ್ ಮಾಡಿ. ಪೀರ್ ರಿವ್ಯೂ ಮೂರು ದಿನದಲ್ಲಿ ಆಗುವ ಕೆಲಸವಲ್ಲ. ಸಂಪಾದಕ ಮಂಡಳಿಯವರ ಹೆಸರನ್ನು ಅವರವರ ಸಂಸ್ಥೆಯ ವೆಬ್‌ಸೈಟಿನಲ್ಲಿ ಹುಡುಕಿ. ಹಳೆಯ ಸಂಚಿಕೆಯ ಎರಡು ಪೇಪರ್ ಓದಿ ನೋಡಿ. ಥಿಂಕ್ ಚೆಕ್ ಸಬ್ಮಿಟ್ ಎಂಬ ಉಚಿತ ಚೆಕ್‌ಲಿಸ್ಟ್ ಬಳಸಿ. ಓಪನ್ ಆಕ್ಸೆಸ್ ಜರ್ನಲ್ ಆದರೆ ಡಿಒಎಜೆ ಎಂಬ ಓಪನ್ ಆಕ್ಸೆಸ್ ಜರ್ನಲ್‌ಗಳ ಸೂಚಿಯಲ್ಲಿ ಇದೆಯೇ ನೋಡಿ.

ದುಡ್ಡು ಕೊಟ್ಟರೆ ಮಾತ್ರ ಒಳ್ಳೆಯ ಪ್ರಕಟಣೆ ಎಂಬುದೂ ಸುಳ್ಳು. ನಮ್ಮ ಬೆಂಗಳೂರಿನಿಂದಲೇ ಹೊರಡುವ ಜರ್ನಲ್‌ಗಳನ್ನು ನೋಡಿ. ಕರೆಂಟ್ ಸೈನ್ಸ್ 1932ರಲ್ಲಿ ಶುರುವಾಯಿತು. ರಾಮನ್ 1934ರಲ್ಲಿ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಪ್ರಮಾಣ, ಜರ್ನಲ್ ಆಫ್ ಜೆನೆಟಿಕ್ಸ್‌ನಂಥ ಪತ್ರಿಕೆಗಳನ್ನು ಹೊರತರುತ್ತಿದೆ. ಮೊದಲ ಪೇಪರಿಗೆ ಇಂಥವನ್ನು ಗಂಭೀರವಾಗಿ ಪರಿಗಣಿಸಿ.

11. ಲೇಖಕರ ಹೆಸರಿನ ಮಾತು ಮೊದಲೇ ಆಡಿ, ರಿಜೆಕ್ಷನ್‌ಗೆ ಸಿದ್ಧವಾಗಿರಿ

ಮೊದಲ ಹೆಸರು ಯಾರದು, ಕರೆಸ್ಪಾಂಡಿಂಗ್ ಆಥರ್ ಯಾರು ಎಂಬುದನ್ನು ಕರಡು ಬರೆಯುವ ಮೊದಲೇ ಕೇಳಿ ಇಮೇಲ್‌ನಲ್ಲಿ ದಾಖಲಿಸಿ. ಕೇಳುವುದು ಉದ್ಧಟತನವಲ್ಲ. ಕೆಲಸದಲ್ಲಿ ಗಣನೀಯ ಪಾಲು, ಬರಹದಲ್ಲಿ ಅಥವಾ ಅದರ ವಿಮರ್ಶಾತ್ಮಕ ತಿದ್ದುಪಡಿಯಲ್ಲಿ ಪಾಲು, ಅಂತಿಮ ಕರಡಿಗೆ ಒಪ್ಪಿಗೆ, ಇಡೀ ಪೇಪರಿಗೆ ಹೊಣೆಗಾರಿಕೆ, ಈ ನಾಲ್ಕೂ ಇದ್ದವರೇ ಲೇಖಕರು ಎಂಬುದು ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಮಾನದಂಡ. 16 ಅಂಕಿಗಳ ಆರ್ಕಿಡ್ ಐಡಿ ಇವತ್ತೇ ಉಚಿತವಾಗಿ ಮಾಡಿಕೊಳ್ಳಿ. ಒಂದೇ ಹೆಸರಿನವರು, ಇನಿಷಿಯಲ್ ಅದಲುಬದಲಾದವರು ಬಹಳ ಇರುವ ನಮ್ಮಲ್ಲಿ ಇದು ಅತ್ಯಗತ್ಯ.

ಪೇಪರ್ ವಾಪಸ್ ಬಂತೇ? ಒಂದು ದಿನ ಪಕ್ಕಕ್ಕಿಡಿ. ಮರುದಿನ ಒಂದು ಟೇಬಲ್ ಮಾಡಿ: ರಿವ್ಯೂವರ್ ಮಾತು, ನಿಮ್ಮ ಉತ್ತರ, ತಿದ್ದಿದ ಪುಟದ ಸಂಖ್ಯೆ. ಒಂದು ಟೀಕೆಯನ್ನೂ ಬಿಡಬೇಡಿ. ಒಪ್ಪದಿದ್ದರೆ ಆಧಾರ ಕೊಟ್ಟು ವಿನಯದಿಂದ ಹೇಳಿ. ರಿವ್ಯೂವರ್ ತಪ್ಪು ತಿಳಿದಿದ್ದರೆ ವಾಕ್ಯ ಅಸ್ಪಷ್ಟವಾಗಿತ್ತೆಂದು ತಿಳಿದು ಅದನ್ನೂ ತಿದ್ದಿ.

12. ನೆರವು ಇಲ್ಲದಿದ್ದರೆ ಬರೆದು ಕೇಳಿ

ನಿಮ್ಮ ವಿಶ್ವವಿದ್ಯಾಲಯದಲ್ಲಿ ಇವು ಯಾವುದೂ ನಡೆಯುತ್ತಿಲ್ಲವೇ? ಗೊಣಗಬೇಡಿ, ಅರ್ಜಿ ಬರೆಯಿರಿ. ಸಂಶೋಧಕರೆಲ್ಲ ಸಹಿ ಹಾಕಿ, ವಿಭಾಗದ ಮುಖ್ಯಸ್ಥರ ಮೂಲಕ ಕುಲಸಚಿವರಿಗೆ ಕಳಿಸಿ. ಪ್ರತಿಯನ್ನು ಆಂತರಿಕ ಗುಣಮಟ್ಟ ಭರವಸೆ ಕೋಶಕ್ಕೂ (ಐಕ್ಯುಎಸಿ) ಕೊಡಿ. ಭಾಷಣದ ಕಾರ್ಯಾಗಾರ ಕೇಳಬೇಡಿ. ವೇದಿಕೆಯ ಮೇಲಿನ ಉಪನ್ಯಾಸ, ಕೊನೆಗೊಂದು ಸರ್ಟಿಫಿಕೇಟ್, ಇದರಿಂದ ಯಾರ ಪೇಪರೂ ಮುಂದೆ ಹೋಗುವುದಿಲ್ಲ. ಮೂರು ನಿರ್ದಿಷ್ಟ ಬೇಡಿಕೆ ಇಡಿ. ಪ್ರತಿಯೊಬ್ಬರೂ ತಮ್ಮದೇ ಕರಡು ತಂದು ತಿದ್ದಿಕೊಳ್ಳುವ ಎರಡು ದಿನದ ಕಾರ್ಯಾಗಾರ. ವಾರದಲ್ಲಿ ನಿಗದಿತ ಸಮಯಕ್ಕೆ ತೆರೆದಿರುವ, ಇಂಗ್ಲಿಷ್ ಮತ್ತು ಸ್ಟ್ಯಾಟಿಸ್ಟಿಕ್ಸ್ ಬಲ್ಲ ಒಬ್ಬೊಬ್ಬರು ಕೂರುವ ಒಂದು ಕೋಣೆ. ಕನ್ನಡದಲ್ಲಿ ಪ್ರಶ್ನೆ ಕೇಳಲು ಮುಕ್ತ ಅವಕಾಶ.

ಈ ಮೂರಕ್ಕೂ ಹೆಚ್ಚು ಹಣ ಬೇಕಿಲ್ಲ, ಅಧ್ಯಾಪಕರು ಈಗಾಗಲೇ ಕ್ಯಾಂಪಸ್ಸಿನಲ್ಲಿದ್ದಾರೆ. ಹಳ್ಳಿಯಿಂದ, ಕನ್ನಡ ಶಾಲೆಯಿಂದ, ಮನೆಯಲ್ಲಿ ಮೊದಲ ಬಾರಿಗೆ ಪಿಎಚ್‌ಡಿಗೆ ಬಂದ ಹುಡುಗ ಹುಡುಗಿಯರಿಗೆ ಇದು ಎಲ್ಲರಿಗಿಂತ ಹೆಚ್ಚು ಬೇಕು. ಅರ್ಜಿಯ ಮೊದಲ ಸಾಲಿನಲ್ಲೇ 2022ರ ನಿಯಮಾವಳಿಯನ್ನು ಹೆಸರಿಸಿ, ಈ ವಾರವೇ ಕಳಿಸಿ.